ಬಿಸಿನೀರು ಬಾರದ ನಲವತ್ತು ದಿನ

ಸರ್ಕಾರದ ಮುಂದೆ ಕೈ ಚಾಚುವುದೂ ಒಂದು ವಿದ್ಯೆ. ಮಾರ್ಲಿಸ್ ಎಂಗಬ್ರೆಟ್‌ಸನ್‌ಗೆ ಆ ವಿದ್ಯೆ ಐವತ್ತೆಂಟನೆಯ ವಯಸ್ಸಿನಲ್ಲಿ ಕೈಹತ್ತಿತು. ಹತ್ತದೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಈಗ ಅವಳೇ ಹೇಳುತ್ತಾಳೆ, ಕೇಳುವವರು ಸಿಕ್ಕರೆ.

ಮೊಂಟಾನಾ ರಾಜ್ಯದ ಟ್ಯಾಲೋ ಕೌಂಟಿಯ, ಅಂದರೆ ಜಿಲ್ಲೆಯ, ಮಕ್ಕಳ ರಿಮ್ಯಾಂಡ್ ಹೋಮಿಗೆ ಅವಳು ಸೂಪರಿಂಟೆಂಡೆಂಟ್. ಹದಿನಾಲ್ಕು ಕೋಣೆಗಳ ಕಟ್ಟಡ. ಕೌಂಟಿಯ ಪೊಲೀಸ್ ಮುಖ್ಯಸ್ಥ ಷೆರಿಫನ ಕಚೇರಿಯ ಬೆನ್ನಿಗೆ ಅಂಟಿಕೊಂಡು ನಿಂತದ್ದು, ಅವಳು ಹುಟ್ಟುವುದಕ್ಕೂ ಮೊದಲು ಕಟ್ಟಿದ್ದು. ಕಟ್ಟಿದ ಪುಣ್ಯಾತ್ಮನಿಗೆ ಮಕ್ಕಳಿಗೂ ಕಿಟಕಿ ಬೇಕಾಗುತ್ತದೆ ಎಂದು ಹೊಳೆಯಲೇ ಇಲ್ಲ. ಒಳಗಿದ್ದವರು ಹೊತ್ತು ಮೂಡಿದ್ದನ್ನು ತಟ್ಟೆ ನೋಡಿ ತಿಳಿಯಬೇಕು. ಓಟ್ಸ್ ಗಂಜಿ ಬಂದರೆ ಬೆಳಗಾಯಿತು ಎಂದರ್ಥ. ಮೂರು ವರ್ಷದ ಹಿಂದೆ ಹದಿಮೂರರ ಪೋರನೊಬ್ಬ, "ಮಿಸ್, ಹೊರಗೆ ಇನ್ನೂ ಹಿಮ ಬೀಳ್ತಿದ್ಯಾ?" ಎಂದು ಕೇಳಿದ್ದ. ಆಗ ಜೂನ್ ಕಳೆಯುತ್ತ ಬಂದಿತ್ತು. ಅವತ್ತು ಹಿಡಿದ ಹಟ ಮಾರ್ಲಿಸಳದು: ಹೊಸ ಕಟ್ಟಡ ಬೇಕು, ಕೋಣೆಗೊಂದು ಕಿಟಕಿ ಬೇಕು.

ಕೌಂಟಿಯ ಬೊಕ್ಕಸದಲ್ಲಿ ಅದಕ್ಕೆ ಆಗುವಷ್ಟಿಲ್ಲ. ರಾಜಧಾನಿ ಹೆಲೆನಾದಲ್ಲಿ ಇಂಥ ಕಟ್ಟಡಗಳಿಗೆಂದೇ ಅನುದಾನ ಕೊಡುವ ಸಮಿತಿಯೊಂದಿದೆ. ಎರಡು ವರ್ಷ ಅರ್ಜಿ ಹಾಕಿದಳು, ಎರಡು ವರ್ಷವೂ ವಾಪಸ್ಸು ಬಂತು. ಕಾರಣ ಒಂದೇ ಸಾಲು: "ತಮ್ಮ ಕಟ್ಟಡ ತೃಪ್ತಿಕರವಾಗಿದೆಯೆಂದು ವಾರ್ಷಿಕ ತಪಾಸಣೆಯ ವರದಿಗಳು ಹೇಳುತ್ತವೆ, ಅಗತ್ಯ ಸಾಬೀತಾಗಿಲ್ಲ."

ಆ ಸಾಲನ್ನು ಓದಿ ಅವಳು ಯಾರನ್ನು ಬಯ್ಯಬೇಕು? ಪ್ರತಿ ಸೆಪ್ಟೆಂಬರಿನಲ್ಲಿ ತಪಾಸಣೆಯವನು ಬರುವ ಮುಂಚಿನ ವಾರ ಗೋಡೆಗೆ ಸುಣ್ಣಬಣ್ಣ ಬಳಿಸಿದವಳು ಅವಳೇ. ಸೋರುವ ಮೂಲೆಗೆ ಬೀರು ಸರಿಸಿದವಳು ಅವಳೇ. ಉಗ್ರಾಣದಿಂದ ಹೊಸ ಹಾಸಿಗೆ ಹೊದಿಕೆ ಹೊರತೆಗೆದು, ಅವನು ಹೋದ ಮಾರನೆಯ ದಿನ ಮಡಿಸಿ ಒಳಗಿಟ್ಟವಳೂ ಅವಳೇ. ಆ ಕಡೆಯ ಕೌಂಟಿಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ. ಇಪ್ಪತ್ತೆರಡು ವರ್ಷ ಸತತವಾಗಿ 'ತೃಪ್ತಿಕರ' ಎಂದು ಬರೆಸಿಕೊಂಡು ಈಗ 'ನಮ್ಮ ಗೋಳು ನೋಡಿ' ಎಂದರೆ ಯಾರು ನಂಬುತ್ತಾರೆ?

"ಮಾರೋ ಕುದುರೆಗೆ ಮೈ ಉಜ್ಜಿದ ಹಾಗೆ ಉಜ್ಜಿ ಉಜ್ಜಿ ತೋರಿಸಿದ್ವಲ್ಲ, ಅದೇ ನಮ್ಮ ತಲೆಗೆ ಬಂತು," ಎಂದ ರೇ ಸ್ಟೆನರುಡ್. ಕೌಂಟಿಯ ಆಡಳಿತ ನಡೆಸುವ ಮೂವರು ಚುನಾಯಿತ ಕಮಿಷನರುಗಳಲ್ಲಿ ಅವನೊಬ್ಬ, ಗೋಧಿ ಬೆಳೆಯುವವನು. ಮಾರ್ಲಿಸಳಿಗಿಂತ ಶಾಲೆಯಲ್ಲಿ ಎರಡು ತರಗತಿ ಮುಂದಿದ್ದವನಾದ್ದರಿಂದ ಈಗಲೂ ಅವಳ ಎದುರು ಅಣ್ಣನ ಗತ್ತು. "ಈ ಸಲ ಬಾಚ್ಬೇಡ, ಉಜ್ಬೇಡ. ಇದ್ದದ್ದು ಇದ್ದ ಹಾಗೇ ತೋರ್ಸು."

ಇದ್ದದ್ದು ಇದ್ದ ಹಾಗೆ ತೋರಿಸುವುದರಲ್ಲಿ ತಪ್ಪೇನಿದೆ? ಮಾರ್ಲಿಸಳಿಗೂ ಸರಿಯೆನಿಸಿತು. ಮೂರನೆಯ ಅರ್ಜಿ ಹೋಯಿತು.

ಡಿಸೆಂಬರ್ ಕೊನೆಯ ವಾರ ಹುಡುಗಿಯರ ಕಡೆಯ ಸ್ನಾನದ ಮನೆಯಲ್ಲಿ ಬಿಸಿನೀರು ನಿಂತಿತು. ತಣ್ಣೀರು ಬಿಸಿನೀರು ಬೆರೆಸುವ ವಾಲ್ವು ಹೋಗಿತ್ತು. ಅಲ್ಲಿ ಆಗ ಆರು ಹುಡುಗಿಯರು. ಹೊರಗೆ ಉಗುಳಿದರೆ ನೆಲ ಮುಟ್ಟುವುದರೊಳಗೆ ಗಡ್ಡೆಕಟ್ಟುವ ಚಳಿ. ಹುಡುಗರ ಕಡೆಯ ಸ್ನಾನದ ಮನೆಗೆ ಕರೆದೊಯ್ಯಬೇಕೆಂದರೆ ಪ್ರತಿ ಸಲ ಇಬ್ಬರು ಹೆಂಗಸರ ಕಾವಲು ಬೇಕು. ಒಂದು ಪಾಳಿಯಲ್ಲಿ ಇರುತ್ತಿದ್ದುದು ಒಬ್ಬಳು. ಬಕೆಟ್ಟಿನಲ್ಲಿ ಬಿಸಿನೀರು ಕೊಡೋಣವೆಂದರೆ ಅದು ನಿಷಿದ್ಧ, ಯಾರ ಮುಖಕ್ಕಾದರೂ ಎರಚಿಬಿಟ್ಟಾರು ಎಂದು. ನಿಯಮಗಳಿಗೇನು, ಅವು ಯಾವತ್ತೂ ಚಳಿಗೆ ನಡುಗಿದ್ದಿಲ್ಲ.

ರಿಪೇರಿಯವನು ಆರ್ಲೋ ಕುಚೆರಾ ಅವತ್ತೇ ವಾಲ್ವಿಗೆ ಬರೆದು ಹಾಕಿದ. ಜನವರಿ ಮೂರಕ್ಕೆ ಅದು ಬಂದೂ ಬಿಟ್ಟಿತು, ಒಂದು ಅಂಗೈಯಗಲದ ಡಬ್ಬಿಯಲ್ಲಿ. ಅದೇ ಅಂಚೆಯಲ್ಲಿ ಹೆಲೆನಾದಿಂದ ಕಾಗದವೂ ಬಂತು: ಈ ಬಾರಿ ಅರ್ಜಿ ಮೊದಲ ಸುತ್ತು ದಾಟಿದೆ, ಸಮಿತಿಯ ಕಡೆಯಿಂದ ಒಬ್ಬರು ಫೆಬ್ರವರಿ ಹನ್ನೆರಡಕ್ಕೆ ಬಂದು ಕಟ್ಟಡವನ್ನು ಕಣ್ಣಾರೆ ನೋಡುತ್ತಾರೆ.

ರೇಗೆ ಫೋನಿನಲ್ಲಿ ಎರಡು ಸುದ್ದಿಯನ್ನೂ ಹೇಳಿದಳು. "ವಾಲ್ವು ಹಾಕಿಸ್ಬೇಡ," ಎಂದ ಅವನು.

"ಏನಂದೆ?"

"ಆರು ವಾರ ತಡಿ ಮಾರಾಯ್ತಿ. ಬಂದವ್ರು ನಲ್ಲಿ ಕೆಳಗೆ ಕೈ ಇಡ್ಲಿ. ನೀನು ಹತ್ತು ಪುಟ ಬರೆದು ಹೇಳೋದನ್ನ ಆ ತಣ್ಣೀರು ಒಂದೇ ಗಳಿಗೇಲಿ ಹೇಳತ್ತೆ."

"ರೇ, ಮಕ್ಕಳು ಕಣೋ."

"ಮಕ್ಕಳಿಗೇ ತಾನೇ ಹೊಸ ಕಟ್ಟಡ? ನಂಗೇನು ಬೇಕಾಗಿದ್ಯಾ ಅಲ್ಲಿ ಕೋಣೆ?"

ಫೋನಿಟ್ಟ ಮೇಲೆ ಮಾರ್ಲಿಸ್ ಲೆಕ್ಕ ಹಾಕಿದಳು. ಒಂದು ಕಡೆ ಆರು ಹುಡುಗಿಯರ ಆರು ವಾರದ ತಣ್ಣೀರು. ಇನ್ನೊಂದು ಕಡೆ ಮುಂದಿನ ಐವತ್ತು ವರ್ಷ ಬಂದು ಹೋಗುವ ಎಲ್ಲ ಮಕ್ಕಳ ಕಿಟಕಿ. ಹೀಗೆ ತೂಗಿದರೆ ತಕ್ಕಡಿ ಯಾವ ಕಡೆ ಬಾಗುತ್ತದೆಂದು ಕೇಳಬೇಕೆ? ತೂಗಿದವಳು ತಾನು ಮನೆಯಲ್ಲಿ ದಿನಾ ಬಿಸಿನೀರಿನಲ್ಲಿ ಮೀಯುವವಳು ಎಂಬುದು ಮಾತ್ರ ಆ ಲೆಕ್ಕದಲ್ಲಿ ಸೇರಲಿಲ್ಲ. ಡಬ್ಬಿಯನ್ನು ತನ್ನ ಕೋಣೆಯ ಕಪಾಟಿನಲ್ಲಿ, ಚಳಿಗಾಲದ ಬೂಟುಗಳ ಹಿಂದೆ ಇಟ್ಟು ಬೀಗ ಹಾಕಿದಳು.

ಆರ್ಲೋ ಬಂದು ಬಾಗಿಲಲ್ಲಿ ನಿಂತ. "ಬಾಸ್, ನನ್ ಡಬ್ಬಿ ಕಾಣ್ತಿಲ್ವಲ್ಲ. ಅದು ಬಂದಿದೆ ಅಂತ ಅಂಚೆ ಹುಡುಗಿ ಹೇಳ್ತಾಳೆ."

"ಸ್ವಲ್ಪ ದಿನ ಇರ್ಲಿ ಆರ್ಲೋ. ಹೆಲೆನಾದವ್ರು ನೋಡ್ಕೊಂಡು ಹೋಗ್ಲಿ."

ಅವನು ಟೋಪಿ ತೆಗೆದು, ಒಳಗೆ ಏನೋ ಬಿದ್ದಿದೆ ಎಂಬಂತೆ ನೋಡಿ, ಮತ್ತೆ ಹಾಕಿಕೊಂಡ. "ನಲವತ್ತು ನಿಮಿಷದ ಕೆಲ್ಸ ಅದು," ಎಂದಷ್ಟೇ ಹೇಳಿ ಹೋದ. ಅವನು ಜಗಳವಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಹುಡುಗಿಯರಿಗೆ ಹೇಳಿದ್ದು: "ಸಾಮಾನು ಬಂದಿಲ್ಲ." ಒಂದು ಸುಳ್ಳಿಗೆ ಹತ್ತು ಸುಳ್ಳಿನ ಕಾವಲು ಬೇಕಲ್ಲ. ಒಂದು ದಿನ ಹುಡುಗಿಯರು ಸಾಲಾಗಿ ಊಟಕ್ಕೆ ಹೋಗುತ್ತಿದ್ದಾಗ ಮಾರ್ಲಿಸ್ ಕಾರಿಡಾರಿನ ಫೋನು ಎತ್ತಿಕೊಂಡು, ಆ ತುದಿಯಲ್ಲಿ ನರಪಿಳ್ಳೆಯೂ ಇಲ್ಲದ ಫೋನಿಗೆ, "ಇನ್ನೂ ಎಷ್ಟು ದಿನಾರೀ? ದಿನಾ ಫೋನ್ ಮಾಡ್ಬೇಕಾ? ಇಲ್ಲಿ ಮಕ್ಕಳು ನಡುಗ್ತಾ ಇದಾರೆ!" ಎಂದು ಜೋರು ಮಾಡಿದಳು. ಅದನ್ನು ನೆನೆದರೆ ಇವತ್ತಿಗೂ ಅವಳ ಕಿವಿ ಬಿಸಿಯಾಗುತ್ತದೆ.

ಆ ಸಾಲಿನಲ್ಲಿ ರೇಲಿನ್ ಹುಕ್ ಇದ್ದಳು. ಹದಿನೈದು ವರ್ಷ, ಉದ್ದ ಜಡೆ, ಮಾತಿಗೆ ಮುಂಚೆ ನಗು. ಮಾವನ ಪಿಕಪ್ ಗಾಡಿ ಕದ್ದೊಯ್ದು ಯಾರದೋ ಕಣಜದ ಬೇಲಿಗೆ ಗುದ್ದಿದ್ದಳು. ಹಿಡಿಯಲು ಬಂದವನ ಕೈ ಕಚ್ಚಿದ್ದಳು. ನವೆಂಬರಿನಿಂದ ಒಳಗಿದ್ದಳು, ವಿಚಾರಣೆಗೆ ಕಾಯುತ್ತ. ಮೊದಲ ತಿಂಗಳು ಅವಳಷ್ಟು ಒಳ್ಳೆಯ ಅಂಕ ಬೇರೆ ಯಾರಿಗೂ ಇರಲಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೊಂದು ಚೀಟಿ: ಹಾಸಿಗೆ ಮಡಿಸಿದರೆ ಅಂಕ, ಪಾಠ ಬರೆದರೆ ಅಂಕ, ಸ್ನಾನ ಮಾಡಿದರೆ ಅಂಕ. ಮಾಡೆನೆಂದರೆ 'ಸ್ನಾನ ನಿರಾಕರಣೆ, ಅವಿಧೇಯತೆ' ಎಂದು ಬರೆದು ಅಂಕ ಕಡಿಯುತ್ತಾರೆ. ವಾರಕ್ಕೆ ಮೂರು ಸಲ ಕಡಿದರೆ ಒಂದು ಮೆಟ್ಟಿಲು ಕೆಳಗೆ. ಕಟ್ಟಕಡೆಯ ಮೆಟ್ಟಿಲಿಗೆ ಇಳಿದವರಿಗೆ ಭಾನುವಾರ ಮನೆಯವರ ಭೇಟಿ ಇಲ್ಲ.

ರೇಲಿನ್ ನಾಲ್ಕು ದಿನ ಹಲ್ಲು ಕಚ್ಚಿ ಮಿಂದಳು. ಐದನೆಯ ದಿನ ಕೆಮ್ಮು ಹಿಡಿಯಿತು. ಆರನೆಯ ದಿನ, "ನಾನ್ ಮಾಡಲ್ಲ. ಬೇಕಿದ್ರೆ ನೀವ್ ಮಾಡ್ಕೊಳ್ಳಿ," ಎಂದು ಕಾವಲಿನವಳಿಗೆ ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಕಾವಲಿನವಳು ನಿಯಮದಂತೆ ಬರೆದಳು. ಮಾರನೆಯ ದಿನವೂ ಬರೆದಳು; ಆಮೇಲೆ ಎಂದಾದರೊಮ್ಮೆ ಮಿಂದರೂ ಚೀಟಿಗಳು ಬೆಳೆಯುತ್ತಲೇ ಹೋದವು.

ಮಾರ್ಲಿಸ್ ಆ ಚೀಟಿಗಳನ್ನು ಒಂದು ಗೀಟಿನಿಂದ ಹೊಡೆದುಹಾಕಬಹುದಿತ್ತು. ಆದರೆ ಹೊಡೆದುಹಾಕಿದರೆ ಪಕ್ಕದಲ್ಲಿ ಕಾರಣ ಬರೆಯಬೇಕು. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ನಿಜ ಹೇಳಿಬಿಡಬೇಕು, ಅವಳಿಗೆ ಆ ಚೀಟಿಗಳು ಬೇಕಾಗಿದ್ದವು. ಸಮಿತಿಗೆ ಕಳಿಸುವ ಪೂರಕ ಪುಟದಲ್ಲಿ ಅವಳು ಬರೆದಳು: "ಬಿಸಿನೀರಿನ ಅಭಾವದಿಂದಾಗಿ ಸ್ನಾನ ನಿರಾಕರಣೆಯ ಪ್ರಕರಣಗಳು ನಾಲ್ಕು ಪಟ್ಟಾಗಿವೆ." ಬರೆದು ಓದಿಕೊಂಡಾಗ ಒಳ್ಳೆಯ ಸಾಲು ಎನಿಸಿತು. ಹುಡುಗಿಯ ಕೆಮ್ಮಿನಿಂದ ಹುಟ್ಟಿದ ಸಾಲು ಅದು.

ಜನವರಿಯ ಕೊನೆಯ ಭಾನುವಾರ ರೇಲಿನ್‌ಳ ಅಜ್ಜಿ ಓಪಲ್ ಹುಕ್ ಎಪ್ಪತ್ತು ಮೈಲಿ ಮಂಜುಗಡ್ಡೆಯ ಮೇಲೆ ಹಳೇ ಕಾರು ಓಡಿಸಿಕೊಂಡು ಬಂದಳು. ಭೇಟಿ ರದ್ದಾದ ಸುದ್ದಿ ಅವಳಿಗೆ ಯಾರೂ ತಿಳಿಸಿರಲಿಲ್ಲ. ಬಾಗಿಲಲ್ಲಿ ಮಾರ್ಲಿಸಳೇ ಹೇಳಬೇಕಾಯಿತು.

"ಸ್ನಾನ ಮಾಡಲ್ಲ ಅಂತಾಳಾ?" ಅಜ್ಜಿ ಕನ್ನಡಕ ಒರೆಸಿಕೊಂಡಳು. "ನಮ್ ರೇಲಿನ್ನಾ? ಮನೇಲಿ ಅವ್ಳು ಸ್ನಾನಕ್ಕೆ ಹೋದ್ರೆ ಉಳಿದೋರಿಗೆ ನೀರೇ ಇರ್ತಿರ್ಲಿಲ್ಲ. ಮೈ ಹುಷಾರಿಲ್ವೇನಮ್ಮಾ ಅವ್ಳಿಗೆ?"

"ಹುಷಾರಾಗಿದಾಳೆ. ನಿಯಮ ಅಂತ ಒಂದಿರತ್ತಲ್ಲ, ಮಿಸೆಸ್ ಹುಕ್."

"ಅದು ಸರಿ. ನಿಯಮ ಇರ್ಲೇಬೇಕು." ಓಪಲ್ ಕೈಯಲ್ಲಿದ್ದ ಬಟ್ಟೆ ಮುಚ್ಚಿದ ತಟ್ಟೆಯನ್ನು ನೋಡಿದಳು. ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲ ಎಂದು ಅವಳಿಗೂ ಗೊತ್ತಿತ್ತು. ಭೇಟಿಯ ಕೋಣೆಯಲ್ಲಿ ಕಣ್ಣಿಗಾದರೂ ತೋರಿಸೋಣವೆಂದು ತಂದಿದ್ದಳೋ ಏನೋ. "ಕ್ಯಾರಮೆಲ್ ರೋಲ್ ಮಾಡಿದ್ದೆ. ವಾಪಸ್ ಯಾಕ್ ತಗೊಂಡ್ ಹೋಗ್ಲಿ, ನೀವೇ ತಿನ್ನಿ. ಅವ್ಳನ್ನ ನೋಡ್ಕೊಳ್ಳೋರು ನೀವೇ ಅಲ್ವಾ."

ಸಿಬ್ಬಂದಿಯ ಕೋಣೆಯಲ್ಲಿ ಎಲ್ಲರೂ ತಿಂದರು. ಮಾರ್ಲಿಸಳೂ ನಿಂತುಕೊಂಡೇ ಒಂದು ತಿಂದಳು. ಕಾರಿನ ಹೀಟರಿನ ಬಳಿ ಇಟ್ಟು ತಂದದ್ದರಿಂದ ಇನ್ನೂ ಬೆಚ್ಚಗಿತ್ತು. ಬೆರಳಿಗೆ ಅಂಟಿದ ಪಾಕವನ್ನು ಬಿಸಿನೀರಿನಲ್ಲಿ ತೊಳೆದುಕೊಂಡಳು. ಇನ್ನು ಹದಿನೈದು ದಿನ ತಾನೇ ಎಂದು ತನಗೆ ತಾನೇ ಹೇಳಿಕೊಂಡಳು.

ಫೆಬ್ರವರಿ ಹನ್ನೆರಡಕ್ಕೆ ಪ್ಯಾಟ್ರೀಸ್ ಓಡಮ್ ಬಂದಳು. ಎತ್ತರದ, ಮಾತು ಕಡಿಮೆಯ ಹೆಂಗಸು. ತಾನೂ ಇಪ್ಪತ್ತು ವರ್ಷ ಇಂಥ ಮನೆಗಳಲ್ಲಿ ದುಡಿದವಳು. ಕಿಟಕಿಯಿಲ್ಲದ ಕೋಣೆಗಳಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಕೂತು ನೋಡಿದಳು. ಸ್ನಾನದ ಮನೆಯಲ್ಲಿ ಅಂಗಿಯ ತೋಳು ಮಡಿಸಿ ನೀರಿನ ಕೆಳಗೆ ಕೈಯಿಟ್ಟಳು. ತೆಗೆಯಲಿಲ್ಲ. ಚರ್ಮ ಕೆಂಪಾಗುವವರೆಗೂ ಇಟ್ಟುಕೊಂಡೇ ಇದ್ದಳು. ಹಿಂದೆ ನಿಂತಿದ್ದ ರೇ, ಮಾರ್ಲಿಸಳನ್ನು ಮೊಣಕೈಯಿಂದ ಮೆಲ್ಲಗೆ ತಿವಿದ.

"ಎಷ್ಟು ದಿನ ಆಯ್ತು ಹೀಗಾಗಿ?"

"ಕ್ರಿಸ್‌ಮಸ್ ಆದಮೇಲೆ," ಎಂದಳು ಮಾರ್ಲಿಸ್. ಅಷ್ಟು ಮಾತ್ರ ನಿಜವಾಗಿತ್ತು.

ಹುಡುಗಿಯರ ಜೊತೆ ಮಾತಾಡಬೇಕು ಎಂದಳು ಪ್ಯಾಟ್ರೀಸ್. ಊಟದ ಮೇಜಿಗೆ ಕೂತು ಕೇಳಿದಳು. ಉಳಿದವರು ತಲೆ ತಗ್ಗಿಸಿ ಕೂತರು. ರೇಲಿನ್ ಎಂಟು ದಿನದಿಂದ ಮಿಂದಿರಲಿಲ್ಲ, ಜಡೆ ಜಿಡ್ಡುಗಟ್ಟಿತ್ತು; ಆದರೂ ನೆಟ್ಟಗೆ ಕೂತಿದ್ದಳು.

"ನೀರು ತುಂಬಾ ತಣ್ಣಗಿದೆ, ನಿಜ," ಎಂದಳು. "ಆದ್ರೆ ಮಿಸ್ ಮಾರ್ಲಿಸ್ ಮೇಲೆ ಬೇಜಾರ್ ಮಾಡ್ಕೋಬೇಡಿ. ಆ ಸಾಮಾನು ಕಳ್ಸಿ ಅಂತ ಅವ್ರು ದಿನಾ ಫೋನ್ ಮಾಡ್ತಾರೆ. ನಾನೇ ಕಿವಿಯಾರೆ ಕೇಳಿದೀನಿ, ಸರಿಯಾಗಿ ಬೈದ್ರು. ಇಲ್ಲಿ ನಮ್ ಪರ ಇರೋದು ಅವ್ರೊಬ್ರೇ."

ಪ್ಯಾಟ್ರೀಸ್ ಅದನ್ನು ಹಾಗೆಯೇ ಬರೆದುಕೊಂಡಳು. ಮಾರ್ಲಿಸ್ ಗೋಡೆಗೆ ಒರಗಿ ನಿಂತಿದ್ದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಆಗಲೇ, ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಕಣ್ಣ ಮುಂದೆ ಆಗಲೇ ಹದಿನಾಲ್ಕು ಕಿಟಕಿ ತೆರೆದುಕೊಂಡಿದ್ದವು.

ಹೊರಡುವಾಗ ಪ್ಯಾಟ್ರೀಸ್ ಕಾರಿನ ಬಾಗಿಲು ಹಿಡಿದು ನಿಂತು, "ನಾನು ಹೀಗೆ ಹೇಳೋ ಹಾಗಿಲ್ಲ. ಆದ್ರೂ ನೀವು ಕಿಟಕಿ ಎಷ್ಟಗಲ ಬೇಕು ಅಂತ ಯೋಚ್ನೆ ಮಾಡೋಕೆ ಶುರು ಮಾಡ್ಬಹುದು," ಎಂದಳು. ಆಮೇಲೆ ಮಾರ್ಲಿಸಳ ಕೈ ಹಿಡಿದು, "ಆ ಹುಡುಗಿ ಹೇಳಿದ ಮಾತೇ ಸಾಕಾಗಿತ್ತು ನಂಗೆ. ಮಕ್ಕಳಿಗೆ ಗೊತ್ತಾಗ್ಬಿಡತ್ತೆ, ಯಾರು ಅವರ ಪರ ಅಂತ," ಎಂದಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಆರ್ಲೋ ಡಬ್ಬಿ ಇಸಿದುಕೊಂಡು ಹೋದ. ನಲವತ್ತು ನಿಮಿಷವೂ ಹಿಡಿಯಲಿಲ್ಲ. ಸ್ನಾನದ ಮನೆಯಿಂದ ಹುಡುಗಿಯರ ಕೇಕೆ ಕೇಳಿಸಿತು, ಹಬೆ ಕಾರಿಡಾರಿನವರೆಗೂ ಬಂತು. ರೇಲಿನ್ ತಲೆಗೆ ಟವೆಲ್ ಸುತ್ತಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಹೊರಬಂದಳು.

"ಕೊನೆಗೂ ಬಂತಾ ಮಿಸ್? ನಿಮ್ ಬಾಯಿಗೆ ಹೆದರಿ ಕಳ್ಸಿರ್ಬೇಕು ಬಡ್ಡಿಮಕ್ಳು!"

"ಬಾಯಿ ನೆಟ್ಟಗಿರ್ಲಿ," ಎಂದು ಗದರಿ ಮಾರ್ಲಿಸ್ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ಮಂಗಳವಾರ ಪ್ರೊಬೇಷನ್ ಆಫೀಸರ್ ಡೆಲ್ ಹ್ಯಾರಲ್ಡ್‌ಸನ್ ಫೋನ್ ಮಾಡಿದ. ಗುರುವಾರ ರೇಲಿನ್‌ಳ ವಿಚಾರಣೆ.

"ಅಜ್ಜಿ ಮನೆಗೆ ಕಳ್ಸೋಣ ಅಂತಿದ್ದೆ ಕಣ್ರೀ. ಆದ್ರೆ ನಿಮ್ ನಡತೆ ವರದಿ ನೋಡಿದ್ಮೇಲೆ ಹೇಗೆ ಕಳ್ಸೋದು? ಹತ್ತೊಂಬತ್ತು ಸಲ ಅವಿಧೇಯತೆ! ಮೊದಲ ತಿಂಗಳು ಚಿನ್ನದಂಥ ಹುಡುಗಿ, ಆಮೇಲೆ ಇಳಿಜಾರು. ಜಡ್ಜ್ ಅಂಕಿ ನೋಡೋ ಮನುಷ್ಯ. ರಾಜ್ಯದ ದೊಡ್ಡ ಹೋಮಿಗೆ ಅಂತ ಬರ್ದಿದೀನಿ, ಹದಿನೆಂಟು ತುಂಬೋವರೆಗೆ."

"ಹದಿನೆಂಟು ತುಂಬೋವರೆಗೆ?"

"ನೀವೇ ಸಹಿ ಹಾಕಿದೀರಲ್ಲ ವರದಿಗೆ."

ಹಾಕಿದ್ದಳು. ಕಡತ ತೆಗೆದು ನೋಡಿದಳು. ಜನವರಿ ಮೂವತ್ತೊಂದು. ಅದೇ ದಿನಾಂಕದಲ್ಲಿ ಸಮಿತಿಗೆ ಹೋದ ಪೂರಕ ಪುಟದ ಪ್ರತಿಯೂ ಅಲ್ಲೇ ಇತ್ತು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಅದೇ ಹುಡುಗಿ, ಅದೇ ಚೀಟಿಗಳು. ಹೆಲೆನಾಕ್ಕೆ ಹೋದ ಕಾಗದದಲ್ಲಿ ತಪ್ಪು ಕಟ್ಟಡದ್ದು. ಕೋರ್ಟಿಗೆ ಹೋದ ಕಾಗದದಲ್ಲಿ ತಪ್ಪು ಹುಡುಗಿಯದು. ಎರಡರ ಬುಡದಲ್ಲೂ ಒಂದೇ ಸಹಿ, ಬಹುಶಃ ಒಂದೇ ಪೆನ್ನು. ತಪ್ಪು ಯಾರದೋ ಆ ಹೆಸರು ಎರಡರಲ್ಲೂ ಸಹಿಯ ಜಾಗದಲ್ಲಿ ಮಾತ್ರ ಇತ್ತು.

ಮೊದಲು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ದಾರಿ ಹುಡುಕಿದಳು. ಡೆಲ್‌ಗೆ ಮತ್ತೆ ಫೋನ್ ಮಾಡಿ, ಹುಡುಗಿ ಈಗ ಸುಧಾರಿಸಿದ್ದಾಳೆ, ಒಂದು ಶಿಫಾರಸು ಪತ್ರ ಕೊಡುತ್ತೇನೆ ಎಂದಳು.

"ಒಂದು ವಾರದ ಸುಧಾರಣೆಗೆ ಜಡ್ಜ್ ಮಣಿಯಲ್ಲ. ಹತ್ತೊಂಬತ್ತು ಸಲ ಯಾಕೆ ಹಾಗ್ಮಾಡಿದ್ಲು ಅಂತ ಕಾರಣ ಬೇಕು. ಇದ್ಯಾ ಕಾರಣ?"

ಬಿಸಿನೀರಿರಲಿಲ್ಲ ಎಂದರೆ, ಯಾಕಿರಲಿಲ್ಲ ಎಂದು ಕೇಳುತ್ತಾರೆ. ಸಾಮಾನು ಬಂದಿರಲಿಲ್ಲ ಎಂದರೆ, ಬಂದ ದಿನದ ರಸೀದಿ ಕೌಂಟಿಯ ಕಡತದಲ್ಲಿದೆ. "ನೋಡ್ತೀನಿ," ಎಂದು ಫೋನಿಟ್ಟಳು.

ಕೋರ್ಟಿನಲ್ಲಿ ನಿಜ ಹೇಳಿಬಿಡಲೇ ಎಂದು ರೇಗೆ ಫೋನಿನಲ್ಲಿ ಕೇಳಿದ್ದಕ್ಕೆ ಅವನು ಖುದ್ದಾಗಿ ಬಂದ. "ನಿಂಗೇನು ತಲೆ ಕೆಟ್ಟಿದ್ಯಾ? ಇನ್ನು ಮೂರು ವಾರಕ್ಕೆ ಹೆಲೆನಾದಿಂದ ಸಹಿ ಆಗತ್ತೆ. ಆಮೇಲೆ ಬೇಕಾದ್ರೆ ಆ ಹುಡುಗಿಗೆ ಮೇಲ್ಮನವಿ ಹಾಕ್ಸು, ವಕೀಲನ ನಾನೇ ನೋಡ್ತೀನಿ."

"ಅಷ್ಟರೊಳಗೆ ಅವ್ಳನ್ನ ಬಸ್ ಹತ್ತಿಸಿರ್ತಾರೆ ರೇ."

"ಒಬ್ಳಿಗೋಸ್ಕರ ಐವತ್ತು ವರ್ಷದ ಮಕ್ಕಳನ್ನ ಕತ್ತಲೇಲಿ ಇಡ್ತೀಯಾ? ಎದೆ ಮುಟ್ಕೊಂಡು ಹೇಳು."

ಇದು ಅವಳೇ ಜನವರಿಯಲ್ಲಿ ಹಾಕಿದ್ದ ಲೆಕ್ಕ. ಇನ್ನೊಬ್ಬರ ಬಾಯಿಂದ ಕೇಳಿದಾಗ ಅದರ ನಾತ ಮೂಗಿಗೆ ಬಡಿಯಿತು. ಆದರೂ ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲವಲ್ಲ, ಕಷ್ಟವಿದ್ದದ್ದು ಅಲ್ಲೇ.

ಗುರುವಾರ ಕೋರ್ಟಿನ ಚಿಕ್ಕ ಕೋಣೆ. ಅಜ್ಜಿ ಓಪಲ್ ಚರ್ಚಿಗೆ ಹೋಗುವ ಕೋಟು ತೊಟ್ಟು ಮುಂದಿನ ಬೆಂಚಿನಲ್ಲಿದ್ದಳು. ರೇಲಿನ್ ಜಡೆಯನ್ನು ಬಿಗಿಯಾಗಿ ಹೆಣೆದುಕೊಂಡಿದ್ದಳು. ಹಿಂದಿನ ಗೋಡೆಯ ಬಳಿ ರೇ ನಿಂತಿದ್ದ. ಡೆಲ್ ತನ್ನ ವರದಿ ಓದಿದ. 'ಹದಿನೆಂಟು ತುಂಬುವವರೆಗೆ' ಎಂದಾಗ ಓಪಲ್ ಬೆಂಚಿನ ಅಂಚು ಹಿಡಿದುಕೊಂಡಳು. ನ್ಯಾಯಾಧೀಶ ವೆಂಡೆಲ್ ಪ್ರೂಯೆಟ್ ಕನ್ನಡಕದ ಮೇಲಿಂದ ನೋಡಿ, "ಸೂಪರಿಂಟೆಂಡೆಂಟ್ ಏನಾದ್ರೂ ಹೇಳೋದಿದ್ಯಾ?" ಎಂದ. ವಾಡಿಕೆಯ ಪ್ರಶ್ನೆ ಅದು. "ವರದಿಯಲ್ಲಿದ್ದದ್ದೇ" ಎನ್ನುವುದು ವಾಡಿಕೆಯ ಉತ್ತರ.

ಮಾರ್ಲಿಸ್ ಎದ್ದು ನಿಂತಳು. "ಆ ಹತ್ತೊಂಬತ್ತು ಸಲವೂ ನೀರು ಕೊರೀತಿತ್ತು, ಸರ್. ಬಿಸಿನೀರು ಇರ್ಲಿಲ್ಲ."

"ಯಾಕಿರ್ಲಿಲ್ಲ?"

"ವಾಲ್ವು ಹೋಗಿತ್ತು."

"ಹೊಸದು ತರಿಸ್ಲಿಲ್ವೇ?"

"ತರಿಸಿದ್ವಿ. ಜನವರಿ ಮೂರಕ್ಕೆ ಬಂತು."

"ಬಂದು?"

"ನನ್ನ ಕಪಾಟಿನಲ್ಲಿತ್ತು," ಎಂದಳು ಮಾರ್ಲಿಸ್. "ನಲವತ್ತು ದಿನ. ಅನುದಾನದವ್ರು ಬಂದು ನೋಡೋವರೆಗೆ ಹಾಗೇ ಇರ್ಲಿ ಅಂತ ನಾನೇ ಇಟ್ಟೆ. ಮಕ್ಕಳಿಗೆ ಬಂದಿಲ್ಲ ಅಂತ ಸುಳ್ಳು ಹೇಳ್ದೆ. ಈ ಹುಡುಗಿಗೆ ಕೆಮ್ಮಿತ್ತು. ಅವ್ಳು ಮಾಡಲ್ಲ ಅಂದಿದ್ದು ಸರಿಯಾಗೇ ಇತ್ತು."

ಯಾರ ಹೆಸರನ್ನೂ ಅವಳು ಎತ್ತಲಿಲ್ಲ. ಹಿಂದೆ ಬಾಗಿಲು ತೆರೆದು ಮುಚ್ಚಿಕೊಂಡ ಸದ್ದಾಯಿತು, ರೇ ಹೋಗಿದ್ದ. ಪ್ರೂಯೆಟ್ ಕಾಗದಗಳನ್ನು ಮತ್ತೊಮ್ಮೆ ತಿರುವಿ ನೋಡಿದ. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು," ಎಂದ, ತನಗೆ ತಾನೇ ಹೇಳಿಕೊಂಡಂತೆ. ಹತ್ತೊಂಬತ್ತು ಚೀಟಿಗಳನ್ನೂ ಕಡತದಿಂದ ತೆಗೆಯಲು ಹೇಳಿದ. ರೇಲಿನ್ ಹುಕ್ ಅಜ್ಜಿಯ ಮನೆಗೆ ಹೋಗಬಹುದು, ವಾರಕ್ಕೊಮ್ಮೆ ಡೆಲ್‌ನ ಮುಂದೆ ಹಾಜರಾಗಬೇಕು. ಸೂಪರಿಂಟೆಂಡೆಂಟರ ವಿಷಯ ಕೌಂಟಿ ಕಮಿಷನರುಗಳಿಗೆ ಬರೆಯಲಾಗುವುದು.

ಮಾರ್ಲಿಸಳಿಗೆ ಹಗುರಾಗಲಿಲ್ಲ. ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುವವರು ಎಷ್ಟು ದಿನ ತಡ ಮಾಡಿ ಹೇಳಿ ನೋಡಿದ್ದಾರೋ.

ಹೋಮಿನ ಮುಂಬಾಗಿಲ ಕೌಂಟರಿನಲ್ಲಿ ರೇಲಿನ್ ತನ್ನ ಬಟ್ಟೆ, ಬೂಟು, ಒಂದು ಬಾಚಣಿಗೆ ವಾಪಸ್ಸು ಪಡೆದು ಸಹಿ ಹಾಕಿದಳು. ಓಪಲ್ ಕಾರು ಬೆಚ್ಚಗೆ ಮಾಡಲು ಮುಂದೆ ಹೋಗಿದ್ದಳು. ಹೋಗುವಾಗ ಮಾರ್ಲಿಸಳ ಕಡೆ ತಿರುಗಿಯೂ ನೋಡಲಿಲ್ಲ. ಹುಡುಗಿ ಬೂಟಿನ ದಾರ ಕಟ್ಟುತ್ತ ಬಗ್ಗಿಯೇ ಇದ್ದಳು.

"ರೇಲಿನ್, ನಾನು..." ಎಂದಳು ಮಾರ್ಲಿಸ್. "ತಪ್ಪಾಯ್ತು ಮಗು."

"ಚಳಿ ಇರ್ಲಿ ಬಿಡಿ ಮಿಸ್." ಹುಡುಗಿ ತಲೆ ಎತ್ತಿದಳು. ನಗು ಇರಲಿಲ್ಲ. "ಚಳಿ ನಂಗೆ ಹೊಸದಲ್ಲ. ಅಜ್ಜೀನ ಬಾಗಿಲಿಂದ ವಾಪಸ್ ಕಳ್ಸಿದ್ರಲ್ಲ, ಅದನ್ನೂ ಹೇಗೋ ನುಂಗ್ಕೋತೀನಿ. ಆದ್ರೆ ಆ ಹೆಲೆನಾ ಮೇಡಂಗೆ ನಾನೇನ್ ಹೇಳ್ದೆ? ನೀವು ದಿನಾ ಫೋನ್ ಮಾಡ್ತೀರಿ ಅಂದೆ. ನಮ್ ಪರ ಅಂದೆ. ಪಿಕಪ್ ಕದ್ದಿದೀನಿ, ಒಬ್ಬನ್ನ ಕಚ್ಚಿದೀನಿ, ಎಲ್ಲಾ ಒಪ್ಕೊಂಡಿದೀನಿ. ಇಲ್ಲಿಗೆ ಬಂದ್ಮೇಲೆ ಒಬ್ಬರ ಹತ್ರಾನೂ ಒಂದ್ ಸುಳ್ಳು ಹೇಳಿರ್ಲಿಲ್ಲ. ಅಜ್ಜಿಗೆ ಮಾತು ಕೊಟ್ಟಿದ್ದೆ."

ಮಾರ್ಲಿಸ್ ಸಹಿಯ ಪುಸ್ತಕ ಮುಚ್ಚಿದಳು.

"ಅವ್ರು ಅದನ್ನ ಬರ್ಕೊಂಡ್ ಹೋದ್ರು," ಎಂದಳು ರೇಲಿನ್. "ನೀವು ಅವ್ರಿಗೆ ಫೋನ್ ಮಾಡಿ. ನಂಗೆ ಗೊತ್ತಿರ್ಲಿಲ್ಲ ಅಂತ ಹೇಳಿ. ನಿಜವಾದ ಫೋನ್ ಮಾಡಿ, ಮಿಸ್."

ಹೊರಗೆ ಓಪಲ್ ಹಾರ್ನ್ ಒತ್ತಿದಳು. ಹುಡುಗಿ ಬಾಗಿಲು ತಳ್ಳಿಕೊಂಡು ಹೋದಳು.

ಮಾರ್ಲಿಸ್ ಕೌಂಟರಿನ ಮೇಲಿದ್ದ ಫೋನನ್ನೇ ಎಳೆದುಕೊಂಡಳು. ಎದುರಿಗೆ ಕಾವಲಿನವಳು ಕೂತಿದ್ದಳು, ಕೂತಿರಲಿ ಎನಿಸಿತು. ಹೆಲೆನಾದ ನಂಬರು ಒತ್ತಿದಳು.

"ಮಾರ್ಲಿಸ್!" ಪ್ಯಾಟ್ರೀಸಳ ದನಿ ಆದರದಿಂದಲೇ ಬಂತು. "ಕಟ್ಟಡದ ವಿಷ್ಯ ತಾನೇ? ಇವತ್ತೇ ನನ್ನ ವರದಿ ಮುಗಿಸ್ತಾ ಇದೀನಿ."

"ಕಟ್ಟಡದ್ದೂ ಇದೆ. ಅದನ್ನ ಹೇಳಿದ್ಮೇಲೆ ನೀವು ಆ ಕಡತ ಮುಚ್ಚಿಬಿಡ್ತೀರಿ, ನಂಗೊತ್ತು." ಮಾರ್ಲಿಸ್ ಕಣ್ಣು ಮುಚ್ಚಿಕೊಂಡಳು. "ಆದ್ರೆ ಮೊದಲು ಬೇರೆ ಒಂದು ಬರ್ಕೊಳ್ಳಿ. ಆ ಉದ್ದ ಜಡೆ ಹುಡುಗಿ ನಿಮಗೆ ಸುಳ್ಳು ಹೇಳ್ಲಿಲ್ಲ. ಅವ್ಳಿಗೆ ಗೊತ್ತಿರ್ಲಿಲ್ಲ. ಸುಳ್ಳು ಹೇಳಿದ್ದು ನಾನು."

ಆ ಕಡೆ ಕಾಗದ ಮಗುಚಿದ ಸದ್ದು.

"ಹೇಳಿ," ಎಂದಳು ಪ್ಯಾಟ್ರೀಸ್. ದನಿಯಲ್ಲಿದ್ದ ಆದರ ಹೋಗಿತ್ತು. "ಬರ್ಕೋತಾ ಇದೀನಿ."